ಮುಂಗಡ ತೀರಿಸಿದ ಹರಕೆ

ಇಳಕಲ್ಲಿನಿಂದ ಬನಶಂಕರಿಯವರೆಗೆ ಬರಿಗಾಲಲ್ಲಿ ನಡೆದು ಬರುತ್ತೇವೆಂದು ಅಪ್ಪ ಹರಕೆ ಹೊತ್ತಾಗ ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಹರಕೆ ನನ್ನ ಮದುವೆಯದು. ಹಾಗಾಗಿ ಅವರ ಜೊತೆ ನಡೆಯಬೇಕಾದವಳೂ ನಾನೇ.

ಆಗ ನನಗೆ ಹತ್ತೊಂಬತ್ತು. ಐವತ್ತರ ದಶಕದ ಮೊದಲ ವರ್ಷಗಳು. ನಮ್ಮ ಕಡೆ ಇನ್ನೂ ಮುಂಬಯಿ ಸರಕಾರದ ಆಡಳಿತ. ಅಪ್ಪ ಇಳಕಲ್ಲಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮನೆಯಲ್ಲಿ ಕುಳಿತು ಬಹಳ ದಿನವಾಗಿತ್ತು. ಮುಂದೆ ಓದಿಸಲು ಅಪ್ಪನಿಗೆ ಮನಸ್ಸಿತ್ತು, ಅವ್ವನಿಗೆ ಧೈರ್ಯವಿರಲಿಲ್ಲ. ನೋಡಲು ಬಂದ ಒಬ್ಬರು ಹುಡುಗಿ ಉದ್ದವಾದಳು ಅಂದರು. ಇನ್ನೊಬ್ಬರು ಜಾತಕ ಕೂಡಲಿಲ್ಲ ಅಂದರು. ಒಬ್ಬರು ಏನೂ ಅನ್ನದೆ ಅವಲಕ್ಕಿ ತಿಂದು ಹೋದವರು ಮತ್ತೆ ಮುಖ ತೋರಿಸಲಿಲ್ಲ. ನನಗಿಂತ ಮೂರು ವರ್ಷಕ್ಕೆ ಚಿಕ್ಕವಳಾದ ತಂಗಿ, ಮಂದಿ ಬಂದಾಗಲೆಲ್ಲ ಹಿತ್ತಲಿಗೆ ಹೋಗಿ ಕೂರಬೇಕಾಗುತ್ತಿತ್ತು. ಅವಳು ನನಗಿಂತ ಬೆಳ್ಳಗಿದ್ದಳು.

ಆ ವರ್ಷ ಸುಗ್ಗಿಯ ಹೊತ್ತಿಗೆ ಬಾದಾಮಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಮಾಮಲೇದಾರರ ಕಚೇರಿಯಲ್ಲಿ ಕಾರಕೂನ. ಅವರ ಮನೆ ಬನಶಂಕರಿ ಗುಡಿಯ ಪಕ್ಕದ ಚೊಳಚಗುಡ್ಡದಲ್ಲಿ. ಹುಡುಗನ ತಾಯಿಗೆ ಮಂಡಿನೋವು, ಅಷ್ಟು ದೂರ ಬರಲಾರರು, ಹುಡುಗಿಯನ್ನು ಅಲ್ಲಿಗೇ ಕರೆತಂದು ತೋರಿಸಬೇಕು ಎಂದು ಹೇಳಿಕಳಿಸಿದ್ದರು. ಅವ್ವನಿಗೆ ಹಿಗ್ಗು. ಬೆಳಿಗ್ಗೆ ಮೋಟಾರು ಹತ್ತಿದರೆ ಹೇಗೂ ಸಂಜೆಗೆ ಮುಟ್ಟಬಹುದು ಎಂದು ಅವಳ ಲೆಕ್ಕ. ಆಗಲೇ ಅಪ್ಪ ಹರಕೆಯ ಸುದ್ದಿ ಹೇಳಿದ್ದು.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಮದಲ ಕೆಲಸ ಆಗಲಿ, ಆಮ್ಯಾಲೆ ನಡೀರಿ. ಬೇಕಾದ್ರ ನಾನೂ ಬರ್ತೇನಿ. ಈಗ ಬಿಸಲಾಗ ಹುಡಿಗಿನ್ನ ಸುಡಬ್ಯಾಡ್ರಿ."

"ಕೆಲಸ ಆದ ಮ್ಯಾಲೆ ತೀರಸೋದು ವ್ಯಾಪಾರ" ಅಂದರು ಅಪ್ಪ. "ಮದಲ ತೀರಸೋದು ಭಕ್ತಿ. ಮುಂಗಡ ತೀರಿಸಿಬಿಟ್ರ ದೇವಿಗೆ ಇಲ್ಲ ಅನ್ನಲಿಕ್ಕೆ ದಾರೀನ ಉಳಿಯೂದಿಲ್ಲ."

"ಮೋಟಾರು ಬಿಟ್ಟು ನಡಕೋತ ಬಂದಾರಂದ್ರ ಆ ಮಂದಿ ಏನಂದಾರು?"

"ಭಕ್ತರು ಅಂದಾರು."

ಖರೆ ಹೇಳಬೇಕೆಂದರೆ ನನಗೂ ಒಳಗೊಳಗೇ ಖುಷಿಯಾಗಿತ್ತು. ನಾನು ಹುನಗುಂದ ದಾಟಿ ಹೋದವಳಲ್ಲ. ಐಹೊಳೆ, ಪಟ್ಟದಕಲ್ಲು ಎಂಬ ಹೆಸರುಗಳನ್ನು ಅಪ್ಪನ ತರಗತಿಯಲ್ಲಿ ಕೂತು ಕೇಳಿದ್ದೆ. ಚಾಲುಕ್ಯರ ಪಾಠ ಬಂತೆಂದರೆ ಅಪ್ಪ ಪುಸ್ತಕ ಮುಚ್ಚಿಟ್ಟು, ಕಣ್ಣು ಮುಚ್ಚಿಕೊಂಡು, ಆ ಊರುಗಳ ಒಂದೊಂದು ಕಂಬವನ್ನೂ ತಡವಿದಂತೆ ಹೇಳುತ್ತಿದ್ದರು. ಹರೆಯದಲ್ಲಿ ಆ ದಾರಿಯನ್ನೆಲ್ಲ ತಿರುಗಿದ್ದರಂತೆ. ಸಂಸಾರವಾದ ಮೇಲೆ ಹೋಗಿರಲಿಲ್ಲ. ಆ ಹರಕೆಯಲ್ಲಿ ದೇವಿಯ ಪಾಲೆಷ್ಟು, ಆ ಹಳೆಯ ಕಲ್ಲುಗಳ ಪಾಲೆಷ್ಟು ಎಂಬ ಅನುಮಾನ ನನಗೆ ಈಗಲೂ ಇದೆ.

ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ ಗಂಟು ಕಟ್ಟಿ ಅವ್ವ ಕೈಗೆ ಕೊಟ್ಟಳು. ಇನ್ನೊಂದು ಗಂಟಿನಲ್ಲಿ ಅವಳದೇ ಮದುವೆಯ ಇಳಕಲ್ ಸೀರೆ, ನನ್ನನ್ನು ತೋರಿಸುವಾಗ ಉಡಲು. "ತಲಿ ಮ್ಯಾಲೆ ಸೆರಗ ಹಾಕ್ಕೊಂಡ ನಡೀ. ಮಾರಿ ಕಪ್ಪಾದೀತು" ಅಂದಳು. ಆಕೆಯ ಚಿಂತೆಯೆಲ್ಲ ನನ್ನ ಮುಖದ ಮೇಲಿತ್ತು. ಕಾಲಿನ ನೆನಪು ಯಾರಿಗೂ ಬರಲಿಲ್ಲ.

ಮೊದಲ ದಿನ ಹುನಗುಂದದವರೆಗೆ ಗಾಡಿದಾರಿ, ಎರೆಹೊಲಗಳ ನಡುವೆ. ಜೋಳ ಕೊಯ್ದು ಮುಗಿದಿತ್ತು. ಅಲ್ಲಲ್ಲಿ ತೆನೆ ರಾಶಿ ಮಾಡುತ್ತಿದ್ದರು. ಅಪ್ಪ ಮುಂದೆ, ನಾನು ಹಿಂದೆ. ದಾರಿಯಲ್ಲಿ ಕಂಡವರೆಲ್ಲ, "ಎಲ್ಲಿಗ್ರಿ ಮಾಸ್ತರ?" ಎಂದು ಕೇಳುವರು. ಅಪ್ಪ ನಿಂತು ಹೇಳುವರು. ಕೇಳಿದವರು ಕೈ ಮುಗಿಯುವರು. ಪ್ರತಿಸಲ ಕೈ ಮುಗಿಸಿಕೊಂಡಾಗಲೂ ಅಪ್ಪನ ನಡಿಗೆ ಒಂದಿಷ್ಟು ಚುರುಕಾಗುತ್ತಿತ್ತು. ಹುನಗುಂದದಲ್ಲಿ ದೂರದ ನಂಟರ ಮನೆಯಲ್ಲಿ ಇಳಿದುಕೊಂಡೆವು. ಅಂಗಾಲು ಉರಿಯುತ್ತಿದ್ದವು, ಆದರೂ ನಾನು ನಗುತ್ತಲೇ ಇದ್ದೆ.

ಅನಾಹುತವಾದದ್ದು ಮರುದಿನ. ಅಮೀನಗಡ ದಾಟಿ ಐಹೊಳೆ ಇನ್ನೂ ದೂರವಿರುವಾಗ, ಹೊತ್ತು ಇಳಿಯುತ್ತಿದೆ, ಹೊಲದೊಳಗಿಂದ ಅಡ್ಡ ಹಾಯೋಣ ಅಂದರು ಅಪ್ಪ. ಕೊಯ್ದ ಜೋಳದ ಹೊಲ. ದಂಟನ್ನು ಓರೆಯಾಗಿ ಕತ್ತರಿಸಿ ಒಯ್ದ ಮೇಲೆ ನೆಲದಲ್ಲಿ ಉಳಿಯುವ ಕೂಳೆ ಒಣಗಿ ಭರ್ಚಿಯ ಮೊನೆಯಂತೆ ನಿಂತಿರುತ್ತದೆ. ನೋಡಿ ನೋಡಿ ಕಾಲಿಡುತ್ತಿದ್ದೆ. ಅಷ್ಟರಲ್ಲಿ ಅಪ್ಪ, "ಅಲ್ನೋಡು, ಗುಡ್ಡದ ಮ್ಯಾಲೆ ಗುಡಿ ಕಾಣ್ತದ!" ಎಂದು ಕೈ ಎತ್ತಿದರು. ನಾನು ತಲೆ ಎತ್ತಿದೆ. ಬಲಗಾಲಿನ ಹಿಮ್ಮಡಿಯ ಮುಂದೆ, ಮೆತ್ತಗಿನ ಜಾಗದಲ್ಲಿ, ಕೂಳೆ ಹೊಕ್ಕಿತು.

ಅಪ್ಪ ಓಡಿ ಬಂದು ನೆಲಕ್ಕೆ ಕೂತು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಳೆದು ತೆಗೆದರು. ಉತ್ತರೀಯ ಹರಿದು ಕಟ್ಟಿದರು. ತೆಗೆದದ್ದು ಪೂರ್ತಿ ಬರಲಿಲ್ಲ ಎಂಬುದು ಇಬ್ಬರಿಗೂ ಆಗ ತಿಳಿಯಲಿಲ್ಲ.

ಆ ಕಾಲದಲ್ಲಿ ಐಹೊಳೆಯ ಹಳೆಯ ಗುಡಿಗಳಲ್ಲಿ ಎಷ್ಟೋ ಸಂಸಾರಗಳು ಇದ್ದವು. ಸಾವಿರ ವರ್ಷದ ಕಂಬಕ್ಕೆ ಎಮ್ಮೆ ಕಟ್ಟಿರುತ್ತಿದ್ದರು. ಗಂಧರ್ವರ ಮೊಳಕಾಲಿಗೆ ಸೆಗಣಿಯ ಕುಳ್ಳು ತಟ್ಟಿರುತ್ತಿದ್ದರು. ಅಂಥದೊಂದು ಗುಡಿಯ ಮುಂದಿನ ಪಡಸಾಲೆಯಲ್ಲಿ ನಾವು ಇಳಿದುಕೊಂಡೆವು. ಒಳಗೆ ಇದ್ದವಳು ನಡುವಯಸ್ಸಿನ ಒಕ್ಕಲಗಿತ್ತಿ. ನಾನು ಕುಂಟುವುದನ್ನು ಕಂಡು ಅರಿಷಿಣ ಎಣ್ಣೆ ಕಾಸಿ ತಂದು ತಾನೇ ಹಚ್ಚಿದಳು.

"ಒಳಗ ಏನೋ ಉಳದೈತ್ರಿ ಯಪ್ಪಾ" ಅಂದಳು ಅಪ್ಪನಿಗೆ. "ಎರಡ ದಿನ ಇಲ್ಲೇ ಇರ್ರಿ. ಇಲ್ಲಾಂದ್ರ ನಾಳಿ ಅಮೀನಗಡಕ್ಕ ಹೋಗೂ ಗಾಡಿ ಐತಿ, ಕುಂದರಿಸಿ ಕೊಡ್ತೇನಿ. ಅಲ್ಲಿಂದ ಮೋಟಾರ ಸಿಗತೈತಿ."

"ಹರಕಿ ಅದವಾ" ಅಂದರು ಅಪ್ಪ. "ನಡುವ ಗಾಡಿ ಹತ್ತಿದ್ರ ಮುರದ್ಹಾಂಗ."

"ಹರಕಿ ಹೊತ್ತಾವ್ರು ನೀವಲ್ರಿ? ನೀವು ನಡೀರಿ. ಕೂಸಿನ ಕಾಲ ಯಾಕ ಮುರೀತೀರಿ?"

ಅವಳು ಹಾಲು ತಂದಿಟ್ಟಳು. ಅಪ್ಪ ಕುಡಿಯಲಿಲ್ಲ, ನಾನು ಕುಡಿದೆ. ಬೆಳಿಗ್ಗೆ ಅಪ್ಪ ನನ್ನನ್ನು ಕೇಳಿದರು: "ನಡೀತೀ ಏನು? ಆಗೂದಿಲ್ಲ ಅಂದ್ರ ಹೇಳು." ಆಗುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಹರಕೆ ಮುರಿದು, ಮುಂದೆ ಈ ಸಂಬಂಧವೂ ತಪ್ಪಿತೆಂದರೆ ಜೀವಮಾನವೆಲ್ಲ ಆ ಮಾತು ನನ್ನ ತಲೆಗೇ ಬರುತ್ತಿತ್ತು. ಹತ್ತೊಂಬತ್ತರ ಹುಡುಗಿಗೆ ಅಷ್ಟು ಗೊತ್ತಾಗುತ್ತದೆ. "ನಡೀತೇನಿ" ಅಂದೆ.

ಮಲಪ್ರಭೆಯ ದಂಡೆಗುಂಟ ಪಟ್ಟದಕಲ್ಲಿಗೆ ಹೋದೆವು. ಹೊಳೆ ಸೊರಗಿ ಬಂಡೆಗಳ ನಡುವೆ ಅಲ್ಲಲ್ಲಿ ಮಡುಗಟ್ಟಿತ್ತು. ಕಾಲನ್ನು ನೀರಿನಲ್ಲಿ ಅದ್ದಿದರೆ ತಣ್ಣಗಾಗುತ್ತಿತ್ತು, ತೆಗೆದ ಕೂಡಲೇ ಸಿಡಿಯುತ್ತಿತ್ತು. ನಾನು ಹಿಮ್ಮಡಿ ಊರದೆ ಬೆರಳ ಮೇಲೆ ನಡೆಯುವುದನ್ನು ಕಲಿತೆ. ಅಪ್ಪ ದಾರಿಯಲ್ಲಿ ಒಂದು ಜಾಲಿಯ ಕೋಲು ಸವರಿ ಕೊಟ್ಟರು, ಗಂಟು ಎರಡನ್ನೂ ತಾವೇ ಹೊತ್ತರು. ಪಟ್ಟದಕಲ್ಲಿನಲ್ಲಿ ದೊಡ್ಡ ಗುಡಿಯ ಅಂಗಳಕ್ಕೆ ಕಾಲಿಟ್ಟದ್ದೇ ತಡ, ಅವರು ಬೇರೆ ಮನುಷ್ಯರಾದರು. ಗಂಟು ಇಳಿಸಿ, ಗೋಡೆಯಿಂದ ಗೋಡೆಗೆ ಹೋಗುತ್ತಾ, "ಇಲ್ನೋಡು, ರಾವಣ ಕೈಲಾಸ ಎತ್ತ್ಯಾನ. ಇಲ್ನೋಡು, ಈ ಅಕ್ಷರ ನೋಡು" ಎಂದು ಕರೆಯತೊಡಗಿದರು. ಎರಡು ಸಲ ಎದ್ದು ಹೋಗಿ ನೋಡಿದೆ. ಮೂರನೆಯ ಸಲ ನಂದಿಯ ಮಂಟಪಕ್ಕೆ ಒರಗಿ ಕೂತವಳು ಏಳಲಿಲ್ಲ. ಅವರು ಕರೆಯುತ್ತಲೇ ಇದ್ದರು. ಎಷ್ಟೋ ಹೊತ್ತಿನ ಮೇಲೆ ತಿರುಗಿ ನೋಡಿ, ನಾನು ಪಕ್ಕದಲ್ಲಿಲ್ಲ ಎಂಬುದು ತಿಳಿದು, ಮುಖ ಸಣ್ಣದು ಮಾಡಿಕೊಂಡು ಬಂದು ಕೂತರು. "ಭಾಳ ನೂಸಲಿಕ್ಕೆ ಹತ್ತ್ಯದೇನು?" ಅಂದರು. ನಾನು ಇಲ್ಲವೆಂದೆ.

ಮಹಾಕೂಟದ ಹೊಂಡದಲ್ಲಿ ಮಿಂದು, ಗುಡ್ಡದ ಕಾಲುದಾರಿ ಹತ್ತಿ ಇಳಿದು ಬಾದಾಮಿ ಸೇರುವ ಹೊತ್ತಿಗೆ ಪಾದ ಬಾತು ಗೆಜ್ಜೆ ತೆಗೆಯಬೇಕಾಯಿತು. ಬಾದಾಮಿಯ ಕೆಂಪು ಬಂಡೆಗಳನ್ನು ನಾನು ಸರಿಯಾಗಿ ನೋಡಲೇ ಇಲ್ಲ. ನೆಲ ನೋಡುತ್ತ ನಡೆದೆ. ಅಲ್ಲಿಂದ ಬನಶಂಕರಿಗೆ ಹೋಗುವಾಗ ಅಪ್ಪ ನನ್ನ ರಟ್ಟೆ ಹಿಡಿದಿದ್ದರು. ಗುಡಿಯಲ್ಲಿ ಅವರು ಉದ್ದಂಡ ಬಿದ್ದು ಕಣ್ಣೀರು ಹಾಕಿದರು. ನನಗೆ ಜ್ವರವಿತ್ತೆಂದು ಕಾಣುತ್ತದೆ. ದೇವಿಯ ಮುಖ ನೆನಪಿಲ್ಲ. ಹೊರಗೆ ಮುದುಕಿಯೊಬ್ಬಳು ಕುಡಿಕೆಯಲ್ಲಿ ಮಾರುತ್ತಿದ್ದ ಮೊಸರನ್ನು ಅಪ್ಪ ಕೊಡಿಸಿದರು; ಅದು ಹುಳಿಯಾಗಿತ್ತು ಎಂಬುದು ನೆನಪಿದೆ.

ಅಲ್ಲೇ ಗುಡಿಯ ಕಲ್ಲುಮಂಟಪದ ಮರೆಯಲ್ಲಿ ಅವ್ವನ ಸೀರೆ ಉಟ್ಟೆ. ಕೋಲನ್ನು ಅಪ್ಪ ಮಂಟಪಕ್ಕೆ ಒರಗಿಸಿ ಬಿಟ್ಟರು. ಹೆಣ್ಣು ತೋರಿಸಲು ಕೋಲು ಹಿಡಿಸಿಕೊಂಡು ಹೋಗುವುದು ಸರಿಯಲ್ಲವಲ್ಲ. ಚೊಳಚಗುಡ್ಡ ಹತ್ತಿರವೇ. ಆ ಹತ್ತಿರದ ದಾರಿ ನಾನು ಹೇಗೆ ನಡೆದೆನೋ ನನಗೇ ಗೊತ್ತು.

ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಹುಡುಗನ ತಾಯಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಹುಡುಗ ಬಾಗಿಲ ಬಳಿ, ಕರಿ ಟೋಪಿ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ನೋಡಿದರೆ ಒಳ್ಳೆಯವನಂತೆ ಕಾಣುತ್ತಿದ್ದ. ನಾನು ಒಂದು ದೇವರನಾಮ ಹೇಳಿದೆ. ಓದು ಎಂದರು, ಓದಿದೆ. ಆ ತಾಯಿ ನನ್ನ ಕೈ ಹಿಡಿದು ನೋಡಿದರು. ಎಲ್ಲ ಚೆನ್ನಾಗಿಯೇ ಹೋಗುತ್ತಿತ್ತು.

ಆಮೇಲೆ ಅವರು, "ಏಳವಾ ತಂಗಿ, ಆ ಬಾಗಲತನಕಾ ಒಂದೀಟ ನಡದ ಬಾ ನೋಡೋಣ" ಅಂದರು.

ಆಗ ಎಲ್ಲರೂ ಕೇಳುತ್ತಿದ್ದದ್ದೇ ಅದು. ಹೆಣ್ಣಿಗೆ ಊನವಿಲ್ಲ ಎಂದು ಗೊತ್ತಾಗಬೇಕು. ನಮ್ಮ ಮನೆಯಲ್ಲಿಯೂ ಬಂದವರ ಮುಂದೆ ಹಾಗೆ ನಡೆದು ತೋರಿಸಿದ್ದೆ, ಒಂದು ಸಲವೂ ಅದರ ಬಗ್ಗೆ ಯೋಚಿಸಿರಲಿಲ್ಲ. ಈಗ ಅಪ್ಪನ ಮುಖ ನೋಡಿದೆ. ಅವರು ಜಮಖಾನೆಯ ಅಂಚು ನೋಡುತ್ತಿದ್ದರು.

ಎದ್ದೆ. ಹಲ್ಲು ಕಚ್ಚಿ ಹಿಮ್ಮಡಿ ಊರಿದೆ. ಬಾಗಿಲವರೆಗೆ ಹೋಗಲೇಬೇಕೆಂದು ಹಟ ತೊಟ್ಟಿದ್ದೆ. ನಡುವೆಯೇ ಕಣ್ಣು ಕತ್ತಲಿಟ್ಟು ಕಂಬ ಹಿಡಿದು ನಿಂತೆ.

"ಕಾಲ ಊನ ಅದ ಏನ್ರಿ?" ಅಂದರು ಆ ತಾಯಿ.

"ಛೆ ಛೆ, ಇಲ್ರಿ!" ಅಪ್ಪ ಅರ್ಧ ಎದ್ದರು. "ಇಳಕಲ್ಲಿಂದ ಇಲ್ಲಿತನಕಾ ನಡಕೋತ ಬಂದಾಳ್ರಿ. ದೇವಿ ಹರಕಿ. ಹಾದ್ಯಾಗ ಕೂಳಿ ನಟ್ಟದ."

"ಇಳಕಲ್ಲಿಂದ?" ಅವರು ಮಗನ ಕಡೆ ನೋಡಿದರು. "ಮೋಟಾರು ಇದ್ದಾಗ ಹೆಣ್ಣ ತೋರಸಲಿಕ್ಕೆ ನಡಸಿಕೊಂಡ ಬರ್ತಾರೇನ್ರಿ ಯಾರರ?"

"ಖರೇನ ರಿ. ದೇವಿ ಆಣಿ. ಬೇಕಾದ್ರ ನೋಡ್ರಿ." ಅಪ್ಪ ನನ್ನ ಕಡೆ ತಿರುಗಿದರು. "ಅಂಗಾಲ ತೋರಸವಾ. ತೋರಸು ಅವರಿಗೆ."

ನಾನು ನಿಂತೇ ಇದ್ದೆ. ಅಪ್ಪ ಮತ್ತೆ, "ತೋರಸು" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಕಂಬ ಹಿಡಿದು, ಕಾಲು ಹಿಂದಕ್ಕೆ ಮಡಿಸಿ, ಎತ್ತಿ ತೋರಿಸಿದೆ, ಲಾಳ ಬಡಿಯುವವನಿಗೆ ಎತ್ತು ಕೊಡುವ ಹಾಗೆ. ಪಟ್ಟಿ ಬಿಚ್ಚಿ ಕೀವು ಇಳಿಯುತ್ತಿತ್ತು.

ಆ ತಾಯಿ ಮುಖ ತಿರುಗಿಸಿದರು. "ಹೊಸಾ ಗಾಯಾನೋ ಹಳೇದೋ ಯಾರಿಗೆ ಗೊತ್ತು" ಎಂದು ಗೋಡೆಗೆ ಹೇಳಿದರು. ಹುಡುಗ ಎದ್ದು ನಿಂತ. ಮೊದಲ ಸಲ ಬಾಯಿ ಬಿಟ್ಟು, "ಬಾದಾಮ್ಯಾಗ ದವಾಖಾನಿ ಅದ. ಲಗೂನ ಕರಕೊಂಡ ಹೋಗ್ರಿ" ಅಂದ. ಹೇಳಿ ಒಳಗೆ ಹೋದ.

ನಾವು ಬಾದಾಮಿಗೆ ಗಾಡಿಯಲ್ಲಿ ಹೋದೆವು. ದವಾಖಾನೆಯ ಡಾಕ್ಟರು ಕೊಯ್ದು, ಒಳಗೆ ಉಳಿದಿದ್ದ ಕೂಳೆಯ ಚೂರು ತೆಗೆದು ಅಪ್ಪನ ಕಣ್ಣೆದುರು ಹಿಡಿದು ಬೈದರು. ಅಲ್ಲಿ ಕೆಲವು ದಿನ ಮಲಗಿದ್ದೆ. ಇಳಕಲ್ಲಿಗೆ ಮೋಟಾರಿನಲ್ಲಿ ಬಂದೆವು. ಕಿಟಕಿಯ ಪಕ್ಕ ನಾನು, ಈ ಕಡೆ ಅಪ್ಪ. ನನಗೆ ಒಂದು ಮಾತು ಬೇಕಿತ್ತು. ನನ್ನಿಂದ ತಪ್ಪಾಯಿತು ಅಂದಿದ್ದರೆ ಸಾಕಿತ್ತು. ಅಷ್ಟು ಬಿಡಿ, ಆ ಮಂದಿ ಕೆಟ್ಟವರು ಅಂದಿದ್ದರೂ ಸಾಕಿತ್ತು. ಹುನಗುಂದ ಬಂದಾಗ ಅಪ್ಪ, "ನೀರು ಬೇಕೇನು?" ಎಂದು ಕೇಳಿದರು. ಅಷ್ಟೇ.

ತಿಂಗಳು ತುಂಬುವುದರೊಳಗೆ ಚೊಳಚಗುಡ್ಡದಿಂದ ಮತ್ತೆ ಮಾತು ಬಂತು. ಮಾಸ್ತರರ ಮನೆತನ ಒಪ್ಪಿಗೆಯಾಗಿದೆ, ಸಣ್ಣ ಮಗಳನ್ನು ಕೊಡುವುದಾದರೆ ಮಾಡಿಕೊಳ್ಳುತ್ತೇವೆ.

ಅವ್ವ ಅಪ್ಪನ ಮೇಲೆ ಹರಿಹಾಯ್ದಳು. "ನೀವ ಮುರದ್ರಿ ಆಕಿ ಕಾಲು! ನಿಮ್ಮ ಹರಕಿ ಸುಡ್ಲಿ!" ಒಂದು ದಿನವಿಡೀ ಒಲೆ ಹೊತ್ತಿಸಲಿಲ್ಲ. ಮರುದಿನ ನನ್ನ ಪಕ್ಕ ಕೂತು, ಕಾಲಿಗೆ ಎಣ್ಣೆ ತೀಡುತ್ತ, "ಒಬ್ಬಾಕಿದರ ಆಗಲೆವಾ" ಅಂದಳು. ಎಣ್ಣೆ ಹಚ್ಚಲು ಯಾಕೆ ಬಂದಳೆಂದು ನನಗೆ ಆಗ ತಿಳಿಯಿತು. ತಂಗಿ ಅತ್ತಳು, ಆಗುವುದಿಲ್ಲ ಅಂದಳು. ಅವಳು ಎಷ್ಟು ದಿನ ಹಾಗೆ ಅಂದಾಳು? ಅಕ್ಕನಿಗಿಂತ ಮುಂಚೆ ತಂಗಿಯದಾದರೆ ಜನ ಏನಂದಾರು ಎಂಬ ಒಂದೇ ತೊಡಕು ಉಳಿದಿತ್ತು. ಅಕ್ಕನಿಗೆ ಕಾಲಿನ ತೊಂದರೆ ಎಂದರೆ ಅದೂ ತೀರುತ್ತಿತ್ತು. ನಮ್ಮ ಮನೆಯಲ್ಲಿ ಯಾರೂ ಹಾಗೆ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದವರನ್ನು ಅಲ್ಲಗಳೆಯಲೂ ಇಲ್ಲ.

ಮದುವೆಯ ದಿನ ನಾನು ಬಾವಿಯಿಂದ ನೀರು ಹೊತ್ತು ಓಡಾಡುತ್ತಿದ್ದೆ. ಹುಡುಗನ ತಾಯಿ ಹಂದರದಲ್ಲಿ ಕೂತು ನನ್ನ ಪಾದಗಳನ್ನೇ ನೋಡುತ್ತಿದ್ದರು. ಕೊಡ ಇಳಿಸಿ ಬಂದಾಗ ಕೈ ಸನ್ನೆ ಮಾಡಿ ಕರೆದರು.

"ನೆಟ್ಟಗ ನಡೀತೀಯಲ್ಲವಾ!" ಅಂದರು, ನಾನೇ ಅವರಿಗೆ ಮೋಸ ಮಾಡಿದಂತೆ.

"ಹೌದ್ರಿ" ಅಂದೆ. "ನಡೀತೇನಿ."

ಆಮೇಲೆ ನನ್ನನ್ನು ನೋಡಲು ಯಾರೂ ಬರಲಿಲ್ಲ. ಕಾಲು ಊನವೆಂಬ ಮಾತು ಊರಿಂದೂರಿಗೆ ಹಬ್ಬಿತ್ತು. ಅಪ್ಪನೇ ಓಡಾಡಿ ನನ್ನನ್ನು ಟ್ರೇನಿಂಗ್ ಕಾಲೇಜಿಗೆ ಕಳಿಸಿದರು. ಬಾಗಲಕೋಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆ ಓಣಿಯೆಲ್ಲ ಈಗ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿದೆ. ರಜೆಗೆ ಇಳಕಲ್ಲಿಗೆ ಬಂದಾಗಲೆಲ್ಲ ಅಪ್ಪ ಪಡಸಾಲೆಯಲ್ಲಿ ಯಾರಿಗಾದರೂ ಆ ನಡಿಗೆಯ ಕತೆ ಹೇಳುತ್ತ ಕೂತಿರುತ್ತಿದ್ದರು. ಅದು ವರ್ಷದಿಂದ ವರ್ಷಕ್ಕೆ ಬೆಳೆಯಿತು. ಐಹೊಳೆಯ ಗುಡಿಯಲ್ಲಿ ಮಲಗಿದ್ದು, ಮಲಪ್ರಭೆಯ ಸ್ನಾನ, ಪಟ್ಟದಕಲ್ಲಿನ ಕಂಬಗಳು, ಎಲ್ಲ ಇರುತ್ತಿತ್ತು. ನನ್ನ ಕಾಲು ಇರುತ್ತಿರಲಿಲ್ಲ. "ಬನಶಂಕರಿ ಕೈ ಬಿಡಲಿಲ್ಲ ನೋಡ್ರಿ" ಎಂದು ಮುಗಿಸುತ್ತಿದ್ದರು. "ಮುಂಗಡ ತೀರಿಸಿದೆ. ತಿಂಗಳೊಳಗ ಮಗಳ ಲಗ್ನ ಕೂಡಿ ಬಂತು."

ಒಮ್ಮೆ ಚಹಾ ಕೊಡಲು ಹೋದವಳು ತಡೆಯಲಾರದೆ, "ಯಾವ ಮಗಳದು ಅಪ್ಪಾ?" ಎಂದು ಕೇಳಿದೆ.

ಅಪ್ಪ ಬಟ್ಟಲು ತೆಗೆದುಕೊಂಡರು. "ಮನೀ ಮಗಳದು" ಅಂದರು. ಬಂದವರು ತಲೆದೂಗಿದರು. ಅಪ್ಪ ಸುಳ್ಳು ಹೇಳುತ್ತಿರಲಿಲ್ಲ. ಅವರು ಅದನ್ನು ನಂಬಿಯೇ ಇದ್ದರು. ನನಗೆ ಅದೇ ಸಹಿಸಲಾಗದ್ದು.

ತಂಗಿ ಎರಡನೆಯ ಬಾಣಂತನಕ್ಕೆ ಬಂದಿದ್ದಳು. ಸೊರಗಿದ್ದಳು. ಗಂಡ ಕೆಟ್ಟವನಲ್ಲ, ಆದರೆ ತಾಯಿಯ ಮುಂದೆ ಬಾಯಿ ಬಿಡುವವನಲ್ಲ ಎಂದು ಎಲ್ಲ ಹೇಳಿಕೊಂಡಳು. ನಾನು ಕೂಸಿಗೆ ಕಾಡಿಗೆ ಹಚ್ಚುತ್ತಿದ್ದೆ. ಅವಳು ನನ್ನ ಮುಖ ನೋಡಿ, "ನೀ ಪಾರಾದಿ ಅಕ್ಕಾ" ಅಂದಳು. "ಕೈಯಾಗ ನೌಕರಿ, ಯಾರ ಹಂಗೂ ಇಲ್ಲ. ದೇವಿ ನಿನಗ ಒಳ್ಳೇದ ಮಾಡಿದ್ಲು."

ಕೂಸನ್ನು ಅವಳ ಮಡಿಲಿಗೆ ಹಾಕಿದೆ. "ಯಾರ ಬೇಕಾದವ್ರು ಹೇಳ್ಲಿ" ಅಂದೆ. "ನೀ ಮಾತ್ರ ಹೇಳಬ್ಯಾಡ."

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಕೂಸಿಗೆ ಮೊಲೆ ಕೊಡುತ್ತ ಗೋಡೆಯ ಕಡೆ ತಿರುಗಿದಳು. ಆಮೇಲೆ ನಾವಿಬ್ಬರೂ ಎಷ್ಟೋ ವರ್ಷ ಹಬ್ಬ ಹುಣ್ಣಿಮೆಗಳಲ್ಲಿ ಕೂಡಿದೆವು, ಮಕ್ಕಳ ಬಗ್ಗೆ, ಸೀರೆಯ ಬಗ್ಗೆ, ಅವ್ವನ ಔಷಧದ ಬಗ್ಗೆ ಮಾತಾಡಿದೆವು. ಆ ಮಾತನ್ನು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ.